ಮಲಯದ ಸರ್ಪಲೋಕ: ಹಾವಿನ ಮನೆ, ಹಾವಿನ ಆಯಸ್ಸು

ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲೇ ಸುಂಗೈ ಕ್ಲುವಾಂಗ್ ಎಂಬ ಸ್ಥಳವಿದೆ. ಅಲ್ಲಿನ ಚೀನೀ ದೇವಾಲಯ ಹೊರನೋಟಕ್ಕೆ ಆಗ್ನೇಯ ಏಷ್ಯಾದ ನೂರಾರು ದೇವಾಲಯಗಳಂತೆಯೇ ಕಾಣುತ್ತದೆ. ಚಾವಣಿಯ ಅಂಚಿನಲ್ಲಿ ಡ್ರ್ಯಾಗನ್‌ಗಳು, ಒಳಗೆ ಕೆಂಪು ಮತ್ತು ಹೊನ್ನಿನ ಬಣ್ಣದ ಅಲಂಕಾರ, ಗಾಳಿಯಲ್ಲಿ ಊದುಕಡ್ಡಿಯ ದಟ್ಟ ಧೂಮ. ಪೂಜಾವೇದಿಕೆಯ ಬಳಿ ನಿಲ್ಲಿಸಿದ ಒಣ ಕೊಂಬೆಗಳ ಮೇಲೆ ದೃಷ್ಟಿ ನೆಟ್ಟಾಗ ಮಾತ್ರ ಅದರ ವೈಶಿಷ್ಟ್ಯ ಅರಿವಾಗುತ್ತದೆ. ಕೊಂಬೆಯ ಕವಲಿನಲ್ಲಿ ಹಾವು ಸುರುಳಿ ಸುತ್ತಿ ಕುಳಿತಿದೆ. ಮೈ ಕಡುಗಪ್ಪು, ಅದರ ಮೇಲೆ ಹಳದಿಯ ಅಡ್ಡಪಟ್ಟೆಗಳು, ತ್ರಿಕೋನಾಕಾರದ ಅಗಲವಾದ ತಲೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಸಣ್ಣದೊಂದು ಗುಳಿ. ಬಿಸಿರಕ್ತದ ಪ್ರಾಣಿಯ ದೇಹದ ಶಾಖವನ್ನು ಕತ್ತಲಲ್ಲೂ ಗ್ರಹಿಸುವ ಇಂದ್ರಿಯ ಅದು. ರೆಪ್ಪೆಯಿಲ್ಲದ ಕಣ್ಣು ಮಿಟುಕುವುದಿಲ್ಲ. ಬಾಲದ ತುದಿ ಕೊಂಬೆಯನ್ನು ಬಿಗಿಯಾಗಿ ಹಿಡಿದಿದೆ. ಪಕ್ಕೆಗಳು ನಿಧಾನವಾಗಿ ಏರಿಳಿಯುವುದನ್ನು ಗಮನಿಸದಿದ್ದರೆ ಅದನ್ನು ಶಿಲ್ಪವೆಂದೇ ಭಾವಿಸಬಹುದು. ಇದು ವ್ಯಾಗ್ಲರ್ ಗುಳಿಮಂಡಲ, ವಿಷಸರ್ಪ. ಭಕ್ತರು ಅದರಿಂದ ಒಂದೆರಡು ಮಾರು ದೂರದಲ್ಲೇ ನಿಂತು ಕೈಮುಗಿಯುತ್ತಾರೆ.

ನಾಗರ ಪಂಚಮಿಗೆ ಹಾಲೆರೆಯುವ, ನಾಗಬನದ ಒಂದು ಕಡ್ಡಿಯನ್ನೂ ಮುರಿಯದ ಕನ್ನಡ ನಾಡಿನವರಿಗೆ ಹಾವನ್ನು ಪೂಜಿಸುವುದು ಹೊಸತಲ್ಲ. ಆದರೆ ನಮ್ಮಲ್ಲಿ ಪೂಜೆ ಸಲ್ಲುವುದು ಬಹುಮಟ್ಟಿಗೆ ನಾಗರಕಲ್ಲಿಗೆ, ಹುತ್ತಕ್ಕೆ. ಪೆನಾಂಗ್‌ನಲ್ಲಿ ಜೀವಂತ ಹಾವುಗಳೇ ಗರ್ಭಗುಡಿಯ ಸಹವಾಸಿಗಳು. ದೇವಾಲಯ 1805ರಲ್ಲಿ ಸ್ಥಾಪನೆಯಾಯಿತೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಇಲ್ಲಿನ ಆರಾಧ್ಯ ಚೋರ್ ಸೂ ಕಾಂಗ್, 11ನೇ ಶತಮಾನದ ಚೀನಾದ ಫುಜಿಯಾನ್ ಪ್ರಾಂತದ ಬೌದ್ಧ ಭಿಕ್ಷು. ಸೊಂಗ್ ಅರಸರ ಕಾಲದಲ್ಲಿ ರೋಗಿಗಳಿಗೆ ಮದ್ದು ಕೊಡುತ್ತ, ಬರಗಾಲದಲ್ಲಿ ಮಳೆಗಾಗಿ ಪ್ರಾರ್ಥಿಸುತ್ತ ಬದುಕಿದ ಈತ ಕಾಡಿನ ಹಾವುಗಳಿಗೂ ಆಶ್ರಯ ಕೊಟ್ಟನೆಂಬುದು ಐತಿಹ್ಯ. ಸಮುದ್ರ ದಾಟಿ ಬಂದ ವಲಸಿಗರು ಅವನ ಮೂರ್ತಿಯನ್ನು ಜೊತೆಯಲ್ಲಿ ತಂದರು. ಅವನ ಅನುಗ್ರಹದಿಂದ ಕಾಯಿಲೆ ವಾಸಿಯಾದ ಡೇವಿಡ್ ಬ್ರೌನ್ ಎಂಬ ಬ್ರಿಟಿಷ್ ನಿವಾಸಿ ಗುಡಿಗೆ ಜಾಗ ಬಿಟ್ಟುಕೊಟ್ಟನೆಂದೂ, ಗುಡಿ ಕಟ್ಟಿ ಮುಗಿದ ಮೇಲೆ ಸುತ್ತಲಿನ ಕಾಡಿನ ಹಾವುಗಳು ತಾವಾಗಿಯೇ ಒಳಬಂದು ನೆಲೆಸಿದವೆಂದೂ ಹೇಳುತ್ತಾರೆ.

ಚೀನಾದಲ್ಲಿ 1886ರಲ್ಲಿ ಎರಕ ಹೊಯ್ದ ಬೃಹತ್ ಘಂಟೆಯೊಂದು ಇಲ್ಲಿದೆ. ಚಾಂದ್ರಮಾನ ವರ್ಷದ ಮೊದಲ ತಿಂಗಳ ಆರನೆಯ ದಿನ ಚೋರ್ ಸೂ ಕಾಂಗ್ ಜಯಂತಿ. ಅದರ ಹಿಂದಿನ ರಾತ್ರಿ ಧೂಪದ ಪಾತ್ರೆಯಲ್ಲಿ ಏಳುವ ಜ್ವಾಲೆಯನ್ನು ನೋಡಿ ಆ ವರ್ಷದ ಫಲ ಹೇಳುವ ಆಚರಣೆಗೆ ಜನಸಾಗರವೇ ನೆರೆಯುತ್ತದೆ. ಹಾವಿನ ವರ್ಷವೆಂದು ಚೀನೀ ಪಂಚಾಂಗ ಗುರುತಿಸಿದ್ದ 2025ರಲ್ಲಂತೂ ಈ ಗುಡಿಗೆ ಸಹಜವಾಗಿಯೇ ವಿಶೇಷ ಶೋಭೆ.

ಧೂಪದ ಹೊಗೆಗೆ ಹಾವುಗಳಿಗೆ ಮಂಪರು ಕವಿಯುತ್ತದೆ, ಅದಕ್ಕೇ ಅವು ಕಚ್ಚುವುದಿಲ್ಲ ಎಂಬ ನಂಬಿಕೆ ಪ್ರಚಲಿತವಾಗಿದೆ. ವಾಸ್ತವ ಇನ್ನೂ ಸ್ವಾರಸ್ಯಕರ. ವ್ಯಾಗ್ಲರ್ ಮಂಡಲ ನಿಶಾಚರಿ, ಹೊಂಚುಹಾಕಿ ಬೇಟೆಯಾಡುವ ಜೀವಿ. ಇಲಿಯೋ ಹಕ್ಕಿಯೋ ಹಲ್ಲಿಯೋ ತಾನಾಗಿ ಎಟುಕಿಗೆ ಬರುವವರೆಗೆ ದಿನಗಟ್ಟಲೆ ಒಂದೇ ಕೊಂಬೆಯಲ್ಲಿ ಕದಲದೆ ಕುಳಿತಿರುವುದು ಅದರ ಸ್ವಭಾವ. ಕಾಡಿನ ಮರದ ಮೇಲೂ ಅದು ಇರುವುದು ಹೀಗೆಯೇ. ಹೆಣ್ಣು ಸುಮಾರು ಒಂದು ಮೀಟರ್ ಬೆಳೆದರೆ ಗಂಡು ಅದರ ಅರ್ಧದಷ್ಟು. ಗಂಡು ಮತ್ತು ಮರಿಗಳು ಎಳೆಹಸಿರು ಮೈಯವು. ಬಿಳಿ-ಕೆಂಪು ಚುಕ್ಕೆಗಳನ್ನು ಹೊತ್ತ ಅವನ್ನು ಹೆಣ್ಣಿನ ಪಕ್ಕದಲ್ಲಿಟ್ಟರೆ ಬೇರೆಯೇ ಜಾತಿಯೆನಿಸುತ್ತದೆ. ಹೆಣ್ಣು ಮೊಟ್ಟೆಯಿಡುವುದಿಲ್ಲ, ಮರದ ಮೇಲೆಯೇ ಮರಿ ಹಾಕುತ್ತದೆ. ಅದರ ವಿಷದಲ್ಲಿ ವ್ಯಾಗ್ಲರಿನ್ ಎಂಬ ಪೆಪ್ಟೈಡ್ ಇದೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುವ ಈ ವಸ್ತುವಿನ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ಕೃತಕ ಅಣು ಇಂದು ಮುಖದ ಸುಕ್ಕು ನಿವಾರಿಸುವ ದುಬಾರಿ ಲೇಪನಗಳಲ್ಲಿ ಬಳಕೆಯಾಗುತ್ತಿದೆ.

ನೂರು ವರ್ಷದ ನಾಗ?

ಹಾವಿನ ಆಯಸ್ಸಿನ ವಿಷಯದಲ್ಲಿ ಮನುಷ್ಯನ ಕಲ್ಪನೆ ಎಂದೂ ಜಿಪುಣತನ ತೋರಿಸಿಲ್ಲ. ನಿಧಿ ಕಾಯುವ ಘಟಸರ್ಪ, ನೂರು ವರ್ಷ ತುಂಬಿ ತಲೆಯಲ್ಲಿ ಮಣಿ ಧರಿಸಿದ ನಾಗ ನಮ್ಮ ಅಜ್ಜಿಕಥೆಗಳ ತುಂಬ ಇವೆ. ಮಲೇಷ್ಯಾದಲ್ಲೂ ಹಾಗೆಯೇ. ಪಹಾಂಗ್ ರಾಜ್ಯದ ಚಿನಿ ಸರೋವರದ ಆಳದಲ್ಲಿ ಶ್ರೀ ಗುಮುಮ್ ಎಂಬ ನಾಗ ವಾಸವಾಗಿದೆಯೆಂದು ಅಲ್ಲಿನ ಮೂಲನಿವಾಸಿ ಜಕುನ್ ಜನರ ಪುರಾಣ ಹೇಳುತ್ತದೆ. ಪೊರೆ ಕಳಚಿ ಮತ್ತೆ ಮತ್ತೆ ಹೊಸದಾಗಿ ಹೊಳೆಯುವ ಜೀವಿಗೆ ಮುಪ್ಪೇ ಇಲ್ಲವೆಂದು ಪೂರ್ವಿಕರು ಭಾವಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಹಾವು ಬದುಕಿರುವಷ್ಟು ಕಾಲವೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ, ಬೆಳೆದಂತೆ ಪೊರೆ ಬಿಡುತ್ತಲೂ ಇರುತ್ತದೆ.

ದಾಖಲೆಗಳು ಹೇಳುವ ಆಯಸ್ಸು ಪುರಾಣದಷ್ಟು ದೀರ್ಘವಲ್ಲ, ಆದರೂ ಬೆರಗು ಹುಟ್ಟಿಸುವಂಥದು. ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿದ್ದ ಪಾಪಾಯ್ ಎಂಬ ಬೋವಾ ಹಾವು 40 ವರ್ಷ ದಾಟಿ ಬದುಕಿ 1977ರಲ್ಲಿ ಸತ್ತಿತು. ದಕ್ಷಿಣ ಆಫ್ರಿಕಾದ ಆ್ಯನಿ ಎಂಬ ಅನಕೊಂಡಾ 37 ವರ್ಷ ಮೀರಿದ್ದನ್ನು ಗಿನ್ನೆಸ್ ಸಂಸ್ಥೆ 2021ರಲ್ಲಿ ದೃಢೀಕರಿಸಿತು. ಇವೆರಡನ್ನೂ ಮೀರಿಸಿದ್ದು ಸೇಂಟ್ ಲೂಯಿಸ್ ಮೃಗಾಲಯದ ಹೆಣ್ಣು ಬಾಲ್ ಪೈಥಾನ್. 1961ರಲ್ಲಿ ಅಲ್ಲಿಗೆ ಬಂದ ಈ ಆಫ್ರಿಕನ್ ಹೆಬ್ಬಾವು 2020ರ ಜುಲೈನಲ್ಲಿ, ತನ್ನ ವಯಸ್ಸು ಅರವತ್ತು ದಾಟಿರುವಾಗ, ದಶಕಗಳಿಂದ ಗಂಡಿನ ಸಂಪರ್ಕವೇ ಇಲ್ಲದೆ ಏಳು ಮೊಟ್ಟೆಯಿಟ್ಟು ವಿಜ್ಞಾನಿಗಳನ್ನು ಚಕಿತಗೊಳಿಸಿತು. ಮಲೇಷ್ಯಾದ ಹಾವುಗಳಲ್ಲಿ ಜಾಲಹೆಬ್ಬಾವು ಮನುಷ್ಯನ ಆರೈಕೆಯಲ್ಲಿ ಮೂವತ್ತರ ಸನಿಹ ಬದುಕಿದ್ದುಂಟು. ಕಾಳಿಂಗ ಸರ್ಪದ ಆಯಸ್ಸು ಸುಮಾರು ಇಪ್ಪತ್ತು ವರ್ಷ. ಸಣ್ಣ ಹಾವುಗಳ ಬಾಳು ಸಾಮಾನ್ಯವಾಗಿ ಇದಕ್ಕಿಂತ ಮೊಟಕು.

ಈ ದೀರ್ಘಾಯುಷ್ಯದ ಗುಟ್ಟು ಮಿತವ್ಯಯದಲ್ಲಿದೆ. ಹಾವು ತನ್ನ ದೇಹವನ್ನು ಬಿಸಿಯಾಗಿಡಲು ಆಹಾರವನ್ನು ಸುಡುವುದಿಲ್ಲ. ಬಿಸಿಲು, ಬಂಡೆ, ಮಣ್ಣುಗಳ ಶಾಖವನ್ನೇ ಎರವಲು ಪಡೆಯುತ್ತದೆ. ಒಂದು ದೊಡ್ಡ ಊಟವಾದರೆ ಹೆಬ್ಬಾವಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸಾಕು. ಹೊಟ್ಟೆ ಖಾಲಿಯಿದ್ದಾಗ ಅದರ ಕರುಳು, ಯಕೃತ್ತುಗಳು ಸಹ ಕುಗ್ಗಿ ವಿಶ್ರಾಂತಿಗೆ ಸರಿಯುತ್ತವೆ. ಬೇಟೆ ನುಂಗಿದ ಒಂದೆರಡು ದಿನಗಳಲ್ಲಿ ಮತ್ತೆ ಹಿಗ್ಗುತ್ತವೆ.

ಆದರೆ ಮೃಗಾಲಯದ ಗಾಜಿನ ಕೋಣೆಯ ಲೆಕ್ಕವನ್ನು ಕಾಡಿಗೆ ಅನ್ವಯಿಸಲಾಗದು. ಕಾಡಿನ ಹಾವಿನ ವಯಸ್ಸನ್ನು ಕಂಡುಹಿಡಿಯುವುದೇ ದುಸ್ಸಾಧ್ಯ. ಉದ್ದವನ್ನು ನೋಡಿ ವಯಸ್ಸು ಹೇಳಲಾಗದು, ಏಕೆಂದರೆ ಬೆಳವಣಿಗೆಯನ್ನು ನಿರ್ಧರಿಸುವುದು ಸಿಕ್ಕ ಆಹಾರ. ಮೈಕ್ರೋಚಿಪ್ ಅಳವಡಿಸಿ ವರ್ಷಗಟ್ಟಲೆ ಬೆನ್ನು ಹತ್ತುವುದೊಂದೇ ನಂಬಲರ್ಹ ಮಾರ್ಗ. ಹಾಗೆ ಬೆನ್ನು ಹತ್ತಿದವರಿಗೆಲ್ಲ ಮನದಟ್ಟಾದ ಸಂಗತಿಯೇ ಈ ಲೇಖನದ ತಿರುಳು: ಕಾಡಿನ ಹಾವಿನ ಆಯಸ್ಸು ಅದರ ದೇಹದಲ್ಲಿರುವಷ್ಟೇ ಅದರ ಮನೆಯಲ್ಲಿಯೂ ಇದೆ. ಎಲ್ಲಿ ಅಡಗಬೇಕು, ಎಲ್ಲಿ ಮೈ ಕಾಯಿಸಬೇಕು, ಮೊಟ್ಟೆಯಿಡಲು ಯಾವ ತಾವು ಸುರಕ್ಷಿತ ಎಂಬುದನ್ನು ಬಲ್ಲ ಹಾವು ಬಾಳುತ್ತದೆ.

ಬಿಲವಿಲ್ಲದವರ ನೆಲೆಗಳು

ತಾನೇ ನೆಲ ಅಗೆದು ಬಿಲ ಮಾಡಿಕೊಳ್ಳಬಲ್ಲ ಹಾವುಗಳು ವಿರಳ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾದ ಕಥೆ ನಮ್ಮ ಗಾದೆಗಳಲ್ಲೇ ಇದೆ. ಪರರು ಬಿಟ್ಟ ನೆಲೆಯನ್ನು ತನ್ನದಾಗಿಸಿಕೊಳ್ಳುವ ಈ ಕಲೆ ಮಲೇಷ್ಯಾದಲ್ಲಿ ತಲುಪಿರುವ ವೈವಿಧ್ಯ ಅಸಾಧಾರಣ. ತೇವಭರಿತ ನಿತ್ಯಹರಿದ್ವರ್ಣ ಕಾಡು, ಸುಣ್ಣಕಲ್ಲಿನ ಬೆಟ್ಟ, ಕಾಂಡ್ಲಾ ಕಾಡು, ಹವಳದ ದ್ವೀಪ, ರಬ್ಬರ್ ಮತ್ತು ತಾಳೆ ತೋಟ, ಮಹಾನಗರದ ಚರಂಡಿ, ಇವೆಲ್ಲವೂ ಅಲ್ಲಿ ಸರ್ಪಗೃಹಗಳೇ.

ಕ್ವಾಲಾಲಂಪುರದ ಹೊರವಲಯದ ಬಟು ಗುಹೆಗಳನ್ನು ಕನ್ನಡಿಗ ಪ್ರವಾಸಿಗರು ಚೆನ್ನಾಗಿ ಬಲ್ಲರು. 42.7 ಮೀಟರ್ ಎತ್ತರದ ಮುರುಗನ ಸುವರ್ಣವರ್ಣದ ಮೂರ್ತಿ, 272 ಮೆಟ್ಟಿಲು, ಥೈಪೂಸಂ ಉತ್ಸವದ ಕಾವಡಿಗಳು. ಸುಬ್ರಹ್ಮಣ್ಯನೆಂದರೆ ನಮಗೆ ಸರ್ಪಸ್ವರೂಪಿ. ಆ ಮೆಟ್ಟಿಲುಗಳ ಪಕ್ಕದ ಕತ್ತಲ ಗುಹೆಯಲ್ಲಿ ನಿಜವಾಗಿಯೂ ಹಾವೊಂದು ಸಹಸ್ರಾರು ವರ್ಷಗಳಿಂದ ಸಂಸಾರ ಹೂಡಿದೆ. ಅದರ ಹೆಸರು ಗುಹಾಹಾವು. ಮಾಸಲು ಹಳದಿ ಮೈ, ಬಾಲದುದ್ದಕ್ಕೂ ಬಿಳಿಯ ಗೆರೆ, ಎರಡು ಮೀಟರ್ ಮೀರಿದ ನೀಳ ಶರೀರ. ಬೆಳಕಿನ ಸುಳಿವಿಲ್ಲದಲ್ಲಿ, ಲಂಬವಾದ ಸುಣ್ಣಕಲ್ಲಿನ ಗೋಡೆಯ ಬಿರುಕಿಗೆ ಮೈ ಒತ್ತಿ, ಹಾರಿಹೋಗುವ ಬಾವಲಿಯನ್ನು ಗಾಳಿಯಲ್ಲೇ ಹಿಡಿಯುವ ಅದರ ನೈಪುಣ್ಯ ಸರ್ಪಕುಲದಲ್ಲೇ ಅಪೂರ್ವ. ವಿಷವಿಲ್ಲ, ಮನುಷ್ಯನ ಗೊಡವೆಯೂ ಅದಕ್ಕಿಲ್ಲ. ಇದರ ಉಪಜಾತಿಗೆ ಸಿಂಗಪುರ ಸಸ್ಯೋದ್ಯಾನದ ಪ್ರಸಿದ್ಧ ನಿರ್ದೇಶಕ, ಮಲಯದಲ್ಲಿ ರಬ್ಬರ್ ಕೃಷಿಯನ್ನು ಬೇರೂರಿಸಿದ ಹೆನ್ರಿ ರಿಡ್ಲೆ ಅವರ ಹೆಸರಿದೆ. ಇದರ ಸೋದರ ಸಂಬಂಧಿಗಳು ಬೋರ್ನಿಯೋದಲ್ಲೂ ಇವೆ.

ಗುಹೆಯಿಂದ ಮೇಲಕ್ಕೆ, ಮರಗಳ ನೆತ್ತಿಗೆ ಹೋದರೆ ಅಲ್ಲಿ ಪ್ಯಾರಡೈಸ್ ಮರಹಾವು. ಪಶ್ಚಿಮಘಟ್ಟದ ನಮ್ಮ ಹಾರುವ ಹಾವಿನ ಹತ್ತಿರದ ನೆಂಟ. ಕೊಂಬೆಯ ತುದಿಯಲ್ಲಿ ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿ ಒಮ್ಮೆಲೇ ಜಿಗಿಯುತ್ತದೆ. ಜಿಗಿದೊಡನೆ ಪಕ್ಕೆಲುಬುಗಳನ್ನು ಹರವಿ ಮೈಯನ್ನು ಚಪ್ಪಟೆ ಮಾಡಿ, ಗಾಳಿಯಲ್ಲಿ ಈಜುವಂತೆ ಅಲೆಯಲೆಯಾಗಿ ಬಳುಕುತ್ತ ಇನ್ನೊಂದು ಮರ ಸೇರುತ್ತದೆ. ರೆಕ್ಕೆಯಿಲ್ಲದ ಈ ತೇಲಾಟದ ಭೌತಶಾಸ್ತ್ರವನ್ನು ಅಮೆರಿಕದ ವಿಜ್ಞಾನಿ ಜೇಕ್ ಸೋಚಾ ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಇದಕ್ಕೆ ತೀರ ವ್ಯತಿರಿಕ್ತವಾಗಿ, ಎರೆಹುಳುವೆಂದು ಭ್ರಮಿಸುವಷ್ಟು ಸಣ್ಣ ಕುರುಡುಹಾವು ಇರುವುದು ಮನೆಯಂಗಳದ ಹೂಕುಂಡದಲ್ಲಿ. ಗೆದ್ದಲಿನ, ಇರುವೆಯ ಮೊಟ್ಟೆ ತಿಂದು ಬದುಕುವ ಈ ಹಾವಿನ ಸಂತತಿಯಲ್ಲಿ ಎಲ್ಲವೂ ಹೆಣ್ಣೇ. ಗಂಡಿಲ್ಲದೆ ಸಂತಾನ ಪಡೆಯುತ್ತವೆ. ಗಿಡಗಳ ಮಣ್ಣಿನ ಜೊತೆ ಹಡಗೇರಿ ಲೋಕವೆಲ್ಲ ಹಬ್ಬಿದ ಈ ಪುಟ್ಟ ಜೀವಿ ಬೆಂಗಳೂರಿನ ತುಳಸಿಕಟ್ಟೆಯಲ್ಲೂ ಇದೆ, ಪೆನಾಂಗ್‌ನ ಅಂಗಳದಲ್ಲೂ ಇದೆ.

ಸಾಬಾ ರಾಜ್ಯದ ಕರಾವಳಿಯಾಚೆ ಪುಲಾವ್ ತಿಗ ಉದ್ಯಾನಕ್ಕೆ ಸೇರಿದ ಕಲಂಪುನಿಯನ್ ದಾಮಿತ್ ಎಂಬ ಕಿರುದ್ವೀಪವನ್ನು ಜನ ಕರೆಯುವುದೇ ಹಾವಿನ ದ್ವೀಪವೆಂದು. ನೀಲಿ-ಕಪ್ಪು ಪಟ್ಟೆಯ ಹಳದಿ ತುಟಿಯ ಕಡಲಹಾವುಗಳು ಸಮುದ್ರದಲ್ಲಿ ಹಾವುಮೀನು ಬೇಟೆಯಾಡಿ, ಅದನ್ನು ಅರಗಿಸಿಕೊಳ್ಳಲು, ಪೊರೆ ಬಿಡಲು, ಜೋಡಿಯಾಗಲು, ಮೊಟ್ಟೆಯಿಡಲು ಈ ನೆಲವನ್ನೇರುತ್ತವೆ. ಬಂಡೆಗಳ ಸಂದಿಯಲ್ಲಿ ಅವು ಒಂದರ ಮೇಲೊಂದು ಹೆಣೆದುಕೊಂಡಿರುವ ದೃಶ್ಯ ನೋಡಿದವರು ಮರೆಯಲಾರರು. ಇದೇ ಜಾತಿಯ ಹಾವುಗಳನ್ನು ಫಿಜಿಯಲ್ಲಿ ಅಭ್ಯಸಿಸಿದ ಸೋಹನ್ ಶೆಟ್ಟಿ ಮತ್ತು ರಿಚರ್ಡ್ ಶೈನ್ ಕಂಡುಕೊಂಡ ವಿಷಯ ರೋಮಾಂಚಕವಾಗಿದೆ. ಒಂದು ದ್ವೀಪದ ಹಾವನ್ನು ಪಕ್ಕದ ದ್ವೀಪಕ್ಕೆ ಒಯ್ದು ಬಿಟ್ಟರೆ ಅದು ಸಮುದ್ರ ಈಜಿ ಮರಳಿ ತನ್ನ ದ್ವೀಪಕ್ಕೇ ಬರುತ್ತಿತ್ತು. ಎರಡೂ ದ್ವೀಪಗಳಲ್ಲಿ ಬಂಡೆಯೂ ಒಂದೇ, ಮರಳೂ ಒಂದೇ. ಆದರೂ ಹಾವಿಗೆ ಮನೆ ಒಂದೇ ಒಂದು.

ಇನ್ನು ಜಾಲಹೆಬ್ಬಾವು. ಮಲಯ ಭಾಷೆಯಲ್ಲಿ ಸಾವಾ ಎಂದು ಹೆಸರು. ಜಗತ್ತಿನ ಅತ್ಯಂತ ಉದ್ದದ ಹಾವೆಂಬ ಬಿರುದು ಇದರದೇ. ಮೈಮೇಲಿನ ಕಂದು-ಹೊನ್ನು-ಕಪ್ಪಿನ ಬಲೆಯಂಥ ವಿನ್ಯಾಸ ಬಾತಿಕ್ ಬಟ್ಟೆಯ ಕುಸುರಿಯನ್ನು ನೆನಪಿಸುವಷ್ಟು ಮನೋಹರ. ನೀರೆಂದರೆ ಪ್ರೀತಿ. ನದಿ ದಂಡೆಯ ಪೊದೆಯಲ್ಲಿ ಹುಟ್ಟಿದ ಈ ವಂಶ ಇಂದು ನಗರದ ಮಳೆನೀರಿನ ಕಾಲುವೆಗಳನ್ನೂ ನದಿಯೆಂದೇ ಸ್ವೀಕರಿಸಿದೆ. ಅಲ್ಲಿ ಇಲಿಗಳ ಸಮೃದ್ಧಿ, ಹಗಲಿಗೆ ಕತ್ತಲು, ರಾತ್ರಿಗೆ ನೀರು. ತಾಯಿ ಹಾವು ಡಜನುಗಟ್ಟಲೆ ಮೊಟ್ಟೆಗಳನ್ನು ತನ್ನ ಸುರುಳಿಯ ನಡುವೆ ಇಟ್ಟುಕೊಂಡು, ಆಹಾರವನ್ನೂ ತೊರೆದು, ಸುಮಾರು ಮೂರು ತಿಂಗಳು ಕಾವಲಿರುತ್ತದೆ. 2016ರ ಏಪ್ರಿಲ್‌ನಲ್ಲಿ ಪೆನಾಂಗ್‌ನ ಪಾಯಾ ತೆರುಬೊಂಗ್‌ನಲ್ಲಿ ಮೇಲ್ಸೇತುವೆ ಕಾಮಗಾರಿಯ ನಡುವೆ, ಉರುಳಿದ ಮರದಡಿ ಇಂಥದೊಂದು ಹೆಬ್ಬಾವು ಸಿಕ್ಕಿತು. ಉದ್ದ ಸುಮಾರು ಎಂಟು ಮೀಟರ್ ಎಂಬ ಅಂದಾಜು ವಿಶ್ವದಾದ್ಯಂತ ಸುದ್ದಿಯಾಯಿತು. ನಾಗರಿಕ ರಕ್ಷಣಾ ಪಡೆಯವರು ಹಿಡಿದ ಕೆಲವೇ ದಿನಗಳಲ್ಲಿ ಅದು ಮೊಟ್ಟೆಯಿಟ್ಟು ಪ್ರಾಣಬಿಟ್ಟಿತು. ಅಷ್ಟು ಬೆಳೆಯಲು ಎಷ್ಟು ವರ್ಷಗಳ ನಿರಾತಂಕ ಬಾಳು ಬೇಕಾಗಿತ್ತು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ರಬ್ಬರ್ ತೋಟದ ತರಗೆಲೆಗಳಲ್ಲಿ ಬಣ್ಣವೇ ಕಾಣದಂತೆ ಬೆರೆತುಹೋಗುವ ಮಲಯನ್ ಗುಳಿಮಂಡಲದ ಪ್ರಸ್ತಾಪವಿಲ್ಲದೆ ಈ ಚಿತ್ರ ಪೂರ್ಣವಾಗದು. ಮಂಡಲಗಳಲ್ಲಿ ಹೆಚ್ಚಿನವು ಮರಿ ಹಾಕಿದರೆ ಇದು ಮೊಟ್ಟೆಯಿಟ್ಟು ಕಾಯುತ್ತದೆ. ಕೆದಾ, ಪೆರ್ಲಿಸ್, ಪೆನಾಂಗ್ ಭಾಗದ ರಬ್ಬರ್ ಹಾಲು ತೆಗೆಯುವ ಕಾರ್ಮಿಕರು ನಸುಕಿನಲ್ಲಿ ಬರಿಗಾಲಲ್ಲಿ ನಡೆಯುವಾಗ ಇದರ ಕಡಿತಕ್ಕೆ ಸಿಕ್ಕುತ್ತಿದ್ದರು. 1950-60ರ ದಶಕಗಳಲ್ಲಿ ಪೆನಾಂಗ್ ಆಸ್ಪತ್ರೆಯಲ್ಲಿದ್ದ ಬ್ರಿಟಿಷ್ ವೈದ್ಯ ಅಲಿಸ್ಟೇರ್ ರೀಡ್, ಕಡಿಸಿಕೊಂಡವರ ರಕ್ತ ದಿನಗಟ್ಟಲೆ ಹೆಪ್ಪುಗಟ್ಟದಿರುವುದನ್ನು ಗಮನಿಸಿದರು. ಆ ಸೂಕ್ಷ್ಮ ವೀಕ್ಷಣೆಯಿಂದಲೇ ಮುಂದೆ ಆನ್‌ಕ್ರಾಡ್ ಎಂಬ ಹೆಪ್ಪುನಿರೋಧಕ ಔಷಧ ಹುಟ್ಟಿತು. ಬಲೆಯಲ್ಲಿ ಸಿಕ್ಕ ಕಡಲಹಾವಿನಿಂದ ಕಡಿಸಿಕೊಂಡ ಬೆಸ್ತರ ಚಿಕಿತ್ಸೆಯಲ್ಲೂ ರೀಡ್ ಜಗತ್ತಿಗೆ ದಾರಿ ತೋರಿದವರು.

ಮನೆ ಕಟ್ಟುವ ಮಹಾರಾಣಿ

ಮಲಯದ ಸರ್ಪಲೋಕದ ಚಕ್ರವರ್ತಿ ಕಾಳಿಂಗ. 1937ರ ಏಪ್ರಿಲ್‌ನಲ್ಲಿ ನೆಗೆರಿ ಸೆಂಬಿಲಾನ್‌ನ ಪೋರ್ಟ್ ಡಿಕ್ಸನ್ ಸಮೀಪ ಹಿಡಿದ ಕಾಳಿಂಗವೊಂದನ್ನು ಲಂಡನ್ ಮೃಗಾಲಯಕ್ಕೆ ಒಯ್ಯಲಾಯಿತು. ಅಲ್ಲಿ ಅದು ಬೆಳೆಯುತ್ತಲೇ ಹೋಗಿ 1939ರ ಹೊತ್ತಿಗೆ 5.71 ಮೀಟರ್ ಮುಟ್ಟಿತು. ವಿಷಸರ್ಪಗಳಲ್ಲಿ ಇಷ್ಟುದ್ದದ್ದು ಇನ್ನೊಂದು ದಾಖಲಾಗಿಲ್ಲ. ಆ ವರ್ಷ ಎರಡನೆಯ ಮಹಾಯುದ್ಧ ಸಿಡಿದಾಗ, ಬಾಂಬು ಬಿದ್ದು ಹಾವು ಹೊರಬಂದರೆ ಅನಾಹುತವಾದೀತೆಂಬ ಭಯದಿಂದ ಅದನ್ನು ಕೊಲ್ಲಲಾಯಿತು. ಮಲಯದ ಕಾಡಿನಲ್ಲೇ ಇದ್ದಿದ್ದರೆ ಅದರ ಬಾಳು ಇನ್ನೆಷ್ಟು ವರ್ಷ ಸಾಗುತ್ತಿತ್ತೋ!

ಗಾತ್ರಕ್ಕಿಂತಲೂ ವಿಸ್ಮಯಕರವಾದುದು ಕಾಳಿಂಗದ ವಾಸ್ತುವಿದ್ಯೆ. ಜಗತ್ತಿನ ಸಾವಿರಾರು ಹಾವುಗಳಲ್ಲಿ ಮೊಟ್ಟೆಗಾಗಿ ಗೂಡನ್ನೇ ಕಟ್ಟುವುದು ಇದೊಂದೇ. ಕೈಕಾಲಿಲ್ಲದ ತಾಯಿ ಬಿದಿರು ಮೆಳೆಯ ಬುಡದಲ್ಲೋ ದೊಡ್ಡ ಮರದ ಬೇರಿನ ಆಸರೆಯಲ್ಲೋ ಸ್ಥಳ ಆರಿಸುತ್ತದೆ. ಅನಂತರ ದೇಹವನ್ನು ಕೊಕ್ಕೆಯಂತೆ ಬಾಗಿಸಿ ಸುತ್ತಲಿನ ತರಗೆಲೆಯನ್ನು ತನ್ನತ್ತ ಎಳೆಯುತ್ತ, ಸುರುಳಿಯಿಂದ ಒತ್ತುತ್ತ, ದಿಬ್ಬವೊಂದನ್ನು ನಿರ್ಮಿಸುತ್ತದೆ. ಅದರೊಳಗೆ ಇಪ್ಪತ್ತರಿಂದ ನಲವತ್ತರಷ್ಟು ಮೊಟ್ಟೆ. ಮೇಲಿನ ಎಲೆಗಳ ಹೊದಿಕೆ ಎಷ್ಟು ಬಿಗಿಯೆಂದರೆ ಧಾರಾಕಾರ ಮಳೆಯಲ್ಲೂ ಒಳಗಿನ ಮೊಟ್ಟೆ ನೆನೆಯುವುದಿಲ್ಲ. ಕೊಳೆಯುವ ಎಲೆಗಳ ಶಾಖವೇ ಕಾವು. ಎರಡೂವರೆ-ಮೂರು ತಿಂಗಳು ಮರಿ ಹೊರಬರಲು ಬೇಕು. ತಾಯಿ ಗೂಡಿನ ಮೇಲೆ ಕಾವಲಿದ್ದು, ಮರಿ ಹೊರಬರುವ ಮುನ್ನ ಆ ತಾಣವನ್ನೇ ತೊರೆದು ಹೋಗುತ್ತದೆ. ಹಾವನ್ನೇ ತಿಂದು ಬದುಕುವ ಜೀವಿ ತನ್ನ ಮರಿಗಳನ್ನು ತಿನ್ನದಿರಲೆಂದೇ ಪ್ರಕೃತಿ ಹಾಗೆ ಏರ್ಪಡಿಸಿದೆಯೆಂದು ಅನೇಕ ತಜ್ಞರು ಭಾವಿಸುತ್ತಾರೆ. ಅರ್ಧ ಮೀಟರಿನಷ್ಟು ಉದ್ದದ ಮರಿಗೆ ಹುಟ್ಟುವಾಗಲೇ ವಿಷವಿದೆ, ಆದರೂ ಬಹುಪಾಲು ಮರಿಗಳು ಹಕ್ಕಿ, ಮುಂಗುಸಿ, ಇತರ ಹಾವುಗಳ ಪಾಲಾಗುತ್ತವೆ. ಇಪ್ಪತ್ತು ವರ್ಷದ ಆಯಸ್ಸು ಎಂಬುದು ಈ ಮೊದಲ ಗಂಡಾಂತರ ದಾಟಿದ ಕೆಲವೇ ಭಾಗ್ಯಶಾಲಿಗಳ ಲೆಕ್ಕ.

ಈ ಗೂಡಿನ ರಹಸ್ಯವನ್ನು ಅತ್ಯಂತ ಶ್ರದ್ಧೆಯಿಂದ ದಾಖಲಿಸಿದ ತಾಣಗಳಲ್ಲೊಂದು ನಮ್ಮ ಮಲೆನಾಡಿನಲ್ಲೇ ಇದೆಯೆಂಬುದು ಹೆಮ್ಮೆಯ ಸಂಗತಿ. ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗಗಳಿಗೆ ರೇಡಿಯೋ ಪ್ರೇಷಕ ಅಳವಡಿಸಿ ಹಗಲಿರುಳು ಹಿಂಬಾಲಿಸಿತು. ತೋಟದಲ್ಲಿ ಹಿಡಿದ ಹಾವನ್ನು ದೂರದ ಕಾಡಿಗೆ ಒಯ್ದು ಬಿಟ್ಟರೆ ಅದು ಕ್ಷೇಮವಾಗಿರುತ್ತದೆಂಬ ಎಲ್ಲರ ನಂಬಿಕೆಯನ್ನು ಅಲ್ಲಿನ ಅಧ್ಯಯನ ಅಲುಗಿಸಿತು. ಸ್ಥಳಾಂತರಗೊಂಡ ಗಂಡು ಕಾಳಿಂಗ ಒಂದೆಡೆ ನಿಲ್ಲದೆ ಅಸಹಜ ದೂರಗಳನ್ನು ಅಲೆಯಿತು. ತನ್ನ ಸರಹದ್ದಿನಲ್ಲೇ ಉಳಿದ ಹಾವು ಅಂಥ ಅಲೆದಾಟಕ್ಕೆ ಹೋಗಲಿಲ್ಲ. ಆಗುಂಬೆಯ ಸುತ್ತಮುತ್ತ ಇಂದು ಗೂಡು ಕಂಡ ರೈತರು ಅರಣ್ಯ ಇಲಾಖೆಗೂ ಸಂಶೋಧಕರಿಗೂ ತಿಳಿಸಿ, ಮರಿಯಾಗುವವರೆಗೆ ಆ ಮೂಲೆಯನ್ನು ಮುಟ್ಟದೆ ಬಿಡುವ ಪದ್ಧತಿ ಬೆಳೆದಿದೆ. ದೊಡ್ಡ ಕಾಡು ಉಳಿಸುವಷ್ಟೇ ಮಹತ್ತ್ವ ಈ ಒಂದು ಮೂಲೆ ಬಿಡುವುದಕ್ಕೂ ಇದೆ.

ಕುಗ್ಗುತ್ತಿರುವ ಸರ್ಪಗೃಹ

ಪೆನಾಂಗ್‌ನ ದೇವಾಲಯದ ಸುತ್ತ ಒಂದು ಕಾಲಕ್ಕೆ ದಟ್ಟ ಕಾಡಿತ್ತು. 1972ರಲ್ಲಿ ಬಯಾನ್ ಲೆಪಾಸ್ ಮುಕ್ತ ವ್ಯಾಪಾರ ವಲಯ ಆರಂಭವಾಯಿತು. ಇಂಟೆಲ್‌ನಂಥ ಕಂಪನಿಗಳ ಕಾರ್ಖಾನೆಗಳು ಬಂದವು, ಹೆದ್ದಾರಿ ಬಂತು, ಬಹುಮಹಡಿ ವಸತಿಗಳೆದ್ದವು. ಪೆನಾಂಗ್ ಪೂರ್ವದ ಸಿಲಿಕಾನ್ ಕಣಿವೆಯೆನಿಸಿತು. ಲಕ್ಷಾಂತರ ಕುಟುಂಬಗಳ ಬಾಳು ಬೆಳಗಿತು. ಆದರೆ ಕಾಡಿನಿಂದ ಗುಡಿಗೆ, ಗುಡಿಯಿಂದ ಕಾಡಿಗೆ ಹರಿದಾಡುತ್ತಿದ್ದ ಹಾವುಗಳ ದಾರಿ ಕಡಿದುಹೋಯಿತು. ಹಿಂದೆ ಕಂಬ, ತೊಲೆ, ಪೂಜಾವೇದಿಕೆಗಳ ಮೇಲೆಲ್ಲ ತುಂಬಿರುತ್ತಿದ್ದ ಹಾವುಗಳು ಈಗ ಬೆರಳೆಣಿಕೆಗೆ ಇಳಿದಿವೆ. ಹಿತ್ತಲಿನ ಗಿಡಮರಗಳಲ್ಲಿ, ಪಕ್ಕದ ಪ್ರದರ್ಶನಾಲಯದಲ್ಲಿ ಅವುಗಳನ್ನು ಪೋಷಿಸುವ ಪ್ರಯತ್ನ ನಡೆದಿದೆ. ಗುಡಿ ಉಳಿದು ಕಾಡು ಹೋದರೆ ಹಾವು ಎಷ್ಟು ದಿನ ಬಂದೀತು ಎಂಬುದು ಅಲ್ಲಿನ ಭಕ್ತರದೇ ಚಿಂತೆ.

ಎಲ್ಲ ಹಾವುಗಳ ಕಥೆ ಇದೇ ಅಲ್ಲ. 1917ರಲ್ಲಿ ಸೆಲಾಂಗೋರ್‌ನ ತೆನ್ನಮಾರಂ ತೋಟದಲ್ಲಿ ಆರಂಭವಾದ ತಾಳೆ ಕೃಷಿ ಇಂದು ಮಲೇಷ್ಯಾದ ಭೂದೃಶ್ಯವನ್ನೇ ಬದಲಿಸಿದೆ. ತಾಳೆ ಹಣ್ಣಿಗೆ ಇಲಿ, ಇಲಿಗೆ ಹಾವು ಬಂತು. ಉಗುಳುವ ನಾಗರ, ಗಿಡ್ಡ ಹೆಬ್ಬಾವುಗಳಿಗೆ ಆ ತೋಟಗಳು ಹೊಸ ಮನೆಯಾಗಿವೆ. ಆದರೆ ಗುಹಾಹಾವಿಗೆ ತಾಳೆತೋಟ ಮನೆಯಾಗದು; ಸುಣ್ಣಕಲ್ಲಿನ ಬೆಟ್ಟಗಳು ಸಿಮೆಂಟಿಗಾಗಿ ಕರಗಿದಲ್ಲೆಲ್ಲ ಅದರ ಒಂದೊಂದು ಊರೇ ಅಳಿಯುತ್ತದೆ. 4,343 ಚದರ ಕಿಲೋಮೀಟರಿನ ತಮನ್ ನೆಗರಾದಂಥ ಮಹಾರಣ್ಯಗಳು ಇನ್ನೂ ನಿಂತಿರುವುದು ಆ ದೇಶದ ಭಾಗ್ಯ. ಮಲೇಷ್ಯಾದ 2010ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾಲಹೆಬ್ಬಾವು, ಕಾಳಿಂಗಗಳಿಗೆ ರಕ್ಷಣೆ ನೀಡಿದೆ. ಹೆಬ್ಬಾವಿನ ಚರ್ಮದ ಅಂತಾರಾಷ್ಟ್ರೀಯ ವ್ಯಾಪಾರ ಪರವಾನಗಿಯ ಅಂಕೆಗೆ ಒಳಪಟ್ಟಿದೆ. ಮನೆಯೊಳಗೆ ಹಾವು ಕಂಡವರು 999ಕ್ಕೆ ಕರೆಮಾಡಿದರೆ ಅಗ್ನಿಶಾಮಕ ದಳದವರೋ ನಾಗರಿಕ ರಕ್ಷಣಾ ಪಡೆಯವರೋ ಬಂದು ಹಿಡಿದೊಯ್ಯುತ್ತಾರೆ.

ಈ ಕಥೆಯಲ್ಲಿ ಕನ್ನಡಕ್ಕೆ ಸಂದ ಗೌರವವೊಂದಿದೆ. 1836ರಲ್ಲಿ ಥಿಯೊಡೋರ್ ಕ್ಯಾಂಟರ್ ಹೆಸರಿಟ್ಟಂದಿನಿಂದ ಕಾಳಿಂಗವೆಂದರೆ ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಒಂದೇ ಪ್ರಭೇದವೆಂದು ವಿಜ್ಞಾನ ನಂಬಿತ್ತು. ಆಗುಂಬೆಯ ಸೀಮೆಯಲ್ಲಿ ಕಾಳಿಂಗ ಸಂಶೋಧನೆಗೆ ಬಾಳನ್ನೇ ಮುಡಿಪಿಟ್ಟ ಪಿ. ಗೌರಿಶಂಕರ್ ಒಮ್ಮೆ ಈ ಹಾವಿನ ಕಡಿತಕ್ಕೆ ಸಿಕ್ಕಾಗ, ಥಾಯ್ಲೆಂಡಿನಲ್ಲಿ ತಯಾರಾದ ಪ್ರತಿವಿಷ ನಿರೀಕ್ಷಿಸಿದಂತೆ ಫಲಿಸಲಿಲ್ಲ. ಅಂದಿನ ಪ್ರಶ್ನೆ ಅವರನ್ನು ವರ್ಷಗಳ ಅನ್ವೇಷಣೆಗೆ ಹಚ್ಚಿತು. 2021ರಲ್ಲಿ ಅವರ ತಂಡ ವಂಶವಾಹಿ ಪರೀಕ್ಷೆಯಿಂದ ನಾಲ್ಕು ಪ್ರತ್ಯೇಕ ವಂಶಗಳಿರುವುದನ್ನು ತೋರಿಸಿತು. 2024ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಸರವಾಕ್ ವಿಶ್ವವಿದ್ಯಾಲಯದ ಇಂದ್ರನೀಲ್ ದಾಸ್ ಹಾಗೂ ಗೌರಿಶಂಕರ್ ಮೊದಲಾದವರು ಆ ನಾಲ್ಕನ್ನೂ ಪ್ರಭೇದಗಳಾಗಿ ಪ್ರಕಟಿಸಿದರು. ಮಲೇಷ್ಯಾದ ಕಾಳಿಂಗಕ್ಕೆ 1837ರಲ್ಲಿ ಶ್ಲೇಗಲ್ ಇಟ್ಟಿದ್ದ ಬಂಗಾರಸ್ ಎಂಬ ಹಳೆಯ ಹೆಸರು ಮರಳಿ ಸಂದಿತು. ಬೆಳೆದ ಹಾವಿನ ಮೈಯಲ್ಲಿ ಪಟ್ಟೆಗಳು ಬಹುಮಟ್ಟಿಗೆ ಮಾಸಿಹೋಗುವುದು ಅದರ ಲಕ್ಷಣ. ಪಶ್ಚಿಮಘಟ್ಟದ್ದು ಅಧಿಕೃತವಾಗಿ ಓಫಿಯೋಫೇಗಸ್ ಕಾಳಿಂಗ ಎನಿಸಿತು. ನಮ್ಮ ಮಲೆನಾಡಿನ ಜನ ತಲೆಮಾರುಗಳಿಂದ ಕೂಗಿದ ಹೆಸರು ಹೀಗೆ ಜಗತ್ತಿನ ಜೀವಶಾಸ್ತ್ರದ ಕೋಶ ಸೇರಿತು.

ಒಂದೇ ಎಂದು ಭಾವಿಸಿದ್ದ ಕಾಲದಲ್ಲಿ ಒಂದೆಡೆ ಅಳಿದರೂ ಇನ್ನೊಂದೆಡೆ ಉಳಿದೀತೆಂಬ ಸಮಾಧಾನವಿತ್ತು. ಈಗ ನಾಲ್ಕಕ್ಕೂ ಪ್ರತ್ಯೇಕ ಎಣಿಕೆ, ಪ್ರತ್ಯೇಕ ರಕ್ಷಣೆ ಬೇಕಾಗಿದೆ. ಘಟ್ಟದ ಕಾಳಿಂಗಕ್ಕೆ ಈ ಸಾಲಿನ ಬೆಟ್ಟಗಳ ಹೊರಗೆ ಎಲ್ಲಿಯೂ ಮನೆಯಿಲ್ಲ. ಚಿಕಿತ್ಸೆಯ ವಿಷಯದಲ್ಲೂ ಲೆಕ್ಕ ಬದಲಾಗಿದೆ. ಭಾರತದಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳೆಂಬ ನಾಲ್ಕು ಹಾವುಗಳ ಕಡಿತಕ್ಕಾಗಿ ತಯಾರಾದದ್ದು; ಕಾಳಿಂಗದ್ದು ಅದರಲ್ಲಿಲ್ಲ. ಕಾಳಿಂಗದ ಕಡಿತಕ್ಕೆ ಬೇಕಾದ ಪ್ರತಿವಿಷ ಬ್ಯಾಂಕಾಕ್‌ನ ರೆಡ್ ಕ್ರಾಸ್ ಸಂಸ್ಥೆಯಲ್ಲಿ ಅಲ್ಲಿನ ಹಾವಿನ ವಿಷದಿಂದ ಸಿದ್ಧವಾಗುತ್ತದೆ. ಮಲೇಷ್ಯಾದ ಆಸ್ಪತ್ರೆಗಳು ಅದನ್ನು ತರಿಸಿಕೊಳ್ಳುತ್ತವೆ. ಘಟ್ಟದ ಕಾಳಿಂಗಕ್ಕೆ ತಕ್ಕ ಮದ್ದನ್ನು ನಮ್ಮಲ್ಲೇ ರೂಪಿಸುವ ಕೆಲಸ ಇನ್ನು ಮುಂದಿನದು.